ಕೈಯೆತ್ತಿದವಳು

ಫೆಬ್ರವರಿ ಹುಟ್ಟಲು ಐದು ದಿನ, ಮಂಗಳವಾರ

ಬೆಳಿಗ್ಗೆ ಜೋಸಿಮೆಯ ಗೋರಿಯ ದೀಪಕ್ಕೆ ಎಣ್ಣೆ ಹಾಕಲು ನೆಲದಡಿಗೆ ಇಳಿದರೆ, ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ದೊಡ್ಡದೊಂದು ಚೌಕ ಎಳೆದಿದ್ದರು. ಅದು ನಾನು ಬರೆದ ಗೋಡೆ. ನನ್ನ ಹೆಂಡತಿ ಮಲಗಿರುವ ಕಮಾನಿನೊಳಗೆ ಹನ್ನೊಂದು ವರ್ಷದ ಹಿಂದೆ ಕೈಯಾರೆ ಬರೆದ ಚಿತ್ರ. ಇದ್ದಿಲಿನ ಗೆರೆ ಚಿತ್ರದಲ್ಲಿರುವ ಅವಳ ಭುಜದ ಪಕ್ಕದಲ್ಲಿ ಇಳಿದು, ನವಿಲಿನ ಕುತ್ತಿಗೆ ಹಾದು, ಯೋನ ಮಲಗಿರುವ ಸೋರೆಬಳ್ಳಿಯ ತನಕ ಹೋಗಿತ್ತು.

ಗೋರಿ ತೋಡುವ ಉರ್ಸುಸ್ ಅಲ್ಲೇ ಮೂಲೆಯಲ್ಲಿ ಕುಳಿತು ರೊಟ್ಟಿಗೆ ಬೆಳ್ಳುಳ್ಳಿ ನಂಚಿಕೊಂಡು ತಿನ್ನುತ್ತಿದ್ದ.

"ಏನಯ್ಯಾ ಇದು?" ಎಂದೆ.

"ಗೆರೆ, ಮೇಸ್ತ್ರಿ."

"ಗೆರೆ ಅಂತ ನನ್ಗೂ ಕಾಣ್ಸತ್ತೆ. ಯಾರಿಗೆ?"

"ಧಾನ್ಯದ ಕಚೇರೀಲಿ ಬರೆಯೋರೊಬ್ರು ಇದಾರಲ್ಲ, ಅವರಪ್ಪಂಗೆ. ಮುದುಕಪ್ಪ ಇನ್ನೂ ಉಸಿರಾಡ್ತಿದಾನೆ. ಈ ಗೋಡೆ ಹಿಂದೆ ಎರಡು ಮೊಳ ಹೋದ್ರೆ ಹುತಾತ್ಮರು ಮಲಗಿರೋದು. ಅವರ ಮಗ್ಗುಲಲ್ಲೇ ಬೇಕಂತೆ. ಸತ್ತೋರೆಲ್ಲ ಎದ್ದೇಳೋ ದಿನ ನೂಕುನುಗ್ಗಲು ಇರತ್ತಲ್ಲ, ಅವರ ಬಟ್ಟೆ ಚುಂಗು ಹಿಡ್ಕೊಂಡು ಎದ್ಬಿಡೋಣ ಅಂತ."

"ಇಲ್ಲಿ ನನ್ ಹೆಂಡ್ತಿ ಇದಾಳೆ."

"ಅಮ್ಮೋರ ಮೂಳೆ ಮುಟ್ಟಲ್ಲ ಮೇಸ್ತ್ರಿ. ಅವ್ರು ಕೆಳಗೆ, ನಾವು ತೋಡೋದು ಮೇಲೆ. ಹೆಣಾನ ತಲೆ ಒಳಗ್ಮಾಡಿ ತಳ್ಳಿಬಿಟ್ರೆ ಬಾಯಿ ಚಿಕ್ಕದೇ ಸಾಕು. ನಿಮ್ ಚಿತ್ರ ಅರ್ಧ ಉಳಿಯತ್ತೆ."

ಅರ್ಧ ಉಳಿಯುತ್ತದಂತೆ. ರೋಮಿನ ಈ ಬಿಲಗಳಲ್ಲಿ ನಲವತ್ತು ವರ್ಷ ದೀಪದ ಹೊಗೆ ಕುಡಿದವನು ನಾನು. ಇಲ್ಲಿನ ನೂರು ಗೋಡೆಗಳನ್ನು ಕೊಚ್ಚಿಹಾಕಲಿ, ನಾನು ಕೇಳುವುದಿಲ್ಲ. ಇದೊಂದನ್ನು ಬಿಡಬೇಕು. ಜೋಸಿಮೆ ಅಲ್ಲಿ ಎರಡೂ ಕೈ ಎತ್ತಿ ಪ್ರಾರ್ಥನೆಗೆ ನಿಂತಿದ್ದಾಳೆ, ನನ್ನ ಕೈಯಿಂದ ಬಂದದ್ದರಲ್ಲಿ ಅದೇ ಮೇಲು. ನಾನು ಸತ್ತ ಮೇಲೆ ಅವಳು ಇದ್ದಳು ಎನ್ನುವುದಕ್ಕೆ ಬೇರೆ ಗುರುತಿಲ್ಲ, ಮಕ್ಕಳೂ ಇಲ್ಲ.

ಬಾಯಿ ಬಿಟ್ಟರೆ ಜಗಳವಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಹಾಳೆಗಳು ಹಳೆಯ ಮಾದರಿ ಚಿತ್ರಗಳ ಬೆನ್ನು. ಇದರ ಆ ಬದಿಯಲ್ಲಿ ನೋಹ ಪೆಟ್ಟಿಗೆಯಂಥ ನಾವೆಯೊಳಗೆ ನಿಂತು ಪಾರಿವಾಳಕ್ಕೆ ಕಾಯುತ್ತಿದ್ದಾನೆ.

ಫೆಬ್ರವರಿ ಹುಟ್ಟಲು ಮೂರು ದಿನ, ಗುರುವಾರ

ಗೋರಿಗಳ ಉಸ್ತುವಾರಿ ಈಗ ನಮ್ಮ ಕ್ರೈಸ್ತ ಸಭೆಯ ಸೇವಕ ಪ್ರೊಯೆಕ್ಟುಸನದು. ವಯಸ್ಸು ಮೂವತ್ತು ಇದ್ದೀತು. ಮೃದುವಾದ ಕೈ, ಮೃದುವಾದ ಮಾತು. ನನ್ನನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ನನ್ನ ಚಿತ್ರದ ಅರ್ಥವನ್ನು ನನಗೇ ಹೇಳಿಕೊಟ್ಟ.

"ನವಿಲಿನ ಮಾಂಸ ಕೊಳೆಯಲ್ಲ ತಾತ. ಅಂದ್ರೆ ನಮ್ಮ ದೇಹವೂ ಕೊನೆಗೆ ಕೊಳೆಯಲ್ಲ ಅಂತ."

ನವಿಲನ್ನು ನಾನು ಕಲಿತದ್ದು ಒಬ್ಬ ಶ್ರೀಮಂತನ ಊಟದ ಮನೆಯ ಗೋಡೆಯಲ್ಲಿ. ಜೋಸಿಮೆಯ ಕಮಾನಿಗೆ ಅದು ಬಂದದ್ದು ನನ್ನ ಹತ್ತಿರ ನೀಲಿ ಬಣ್ಣ ಮಿಕ್ಕಿತ್ತೆಂದು.

"ಯೋನ ಮೀನಿನ ಹೊಟ್ಟೇಲಿ ಮೂರು ದಿನ ಇದ್ದು ಹೊರಗೆ ಬಂದ. ಗೋರಿಯಿಂದ ನಾವೂ ಹಾಗೇ ಬರ್ತೀವಿ. ಈಗ ನೆರಳಲ್ಲಿ ವಿಶ್ರಾಂತಿ."

ಆ ಬಳ್ಳಿಯ ಕೆಳಗೆ ಬೆತ್ತಲೆ ಮಲಗಿರುವ ಹುಡುಗನನ್ನು ನನ್ನ ಗುರು ಚಂದ್ರದೇವಿಯ ಪ್ರಿಯಕರ ಎಂದು ಬರೆಯುತ್ತಿದ್ದರು. ಸೋರೆಬಳ್ಳಿ ಹಬ್ಬಿಸಿದ್ದಷ್ಟೇ ನಾವು. ಇದನ್ನೂ ಹೇಳಲಿಲ್ಲ.

"ನಡುವೆ ಇರೋ ಕೈಯೆತ್ತಿದವಳು ಆತ್ಮ. ಸತ್ತೋರ ಆತ್ಮ ಸ್ವರ್ಗದಲ್ಲಿ ನಿಂತು ಪ್ರಾರ್ಥಿಸೋದು."

"ಅದು ಆತ್ಮ ಅಲ್ಲ ಸ್ವಾಮಿ. ಜೋಸಿಮೆ. ನನ್ ಹೆಂಡ್ತಿ."

"ಹೆಸರು ಬರೆದಿಲ್ವಲ್ಲ."

"ಯಾಕ್ ಬರೀಬೇಕು? ನನಗೆ ಗೊತ್ತಿರ್ಲಿಲ್ವೆ?"

ಅವನು ನಕ್ಕ. ಕೆಟ್ಟ ನಗು ಅಲ್ಲ, ಅದಕ್ಕೇ ಹೆಚ್ಚು ಉರಿಯಿತು. "ಒಬ್ಬ ನಿಜವಾದ ಹೆಂಗಸಿನ ಚಿತ್ರ ಅಂತಾದ್ರೆ ನಾನು ಮುಟ್ಟಕ್ಕೆ ಬಿಡಲ್ಲ, ಬೇರೆ ಗೋಡೆ ತೋರಿಸ್ತೀನಿ. ಆತ್ಮದ ಚಿತ್ರ ಆದ್ರೆ, ಆತ್ಮಕ್ಕೆ ಗುದ್ದಲಿ ತಾಗಲ್ಲ ತಾತ. ಅವರನ್ನ ನೋಡಿದ್ದೋರು ಯಾರಾದ್ರೂ ಬಂದು, ಹೌದು ಇವರೇ ಅಂತ ಹೇಳ್ಲಿ. ಸಾಕು ನನಗೆ."

ಅವಳನ್ನು ಹತ್ತಿರದಿಂದ ನೋಡಿದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಬದುಕಿರುವುದು ಒಬ್ಬಳೇ, ಅವಳ ಅಕ್ಕ ದೋಮ್ನಿನ. ಮಣ್ಣು ಮಾಡಿದ ದಿನ ದೋಮ್ನಿನ ನನಗೊಂದು ಮಾತು ಅಂದಳು. ಅಂದಿನಿಂದ ನಾನು ಅವಳ ಬೀದಿ ತುಳಿದಿಲ್ಲ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಫೆಬ್ರವರಿ ಮೂರು, ಮಂಗಳವಾರ

ಬೇಳೆ ತಳ ಹಿಡಿಯಿತು. ಹಾಗೇ ತಿಂದೆ. ಆ ಧಾನ್ಯದ ಮುದುಕ ಇನ್ನೂ ಬದುಕಿದ್ದಾನಂತೆ, ಇನ್ನಷ್ಟು ದಿನ ನರಳಲಿ.

ಫೆಬ್ರವರಿ ಎಂಟು, ಭಾನುವಾರ

ಹೋದೆ. ದೋಮ್ನಿನ ಈಗಲೂ ಬಟ್ಟೆ ಒಗೆಯುವವರ ಬೀದಿಯಲ್ಲಿ ಅದೇ ನೆಲಮನೆಯಲ್ಲಿ ಇದ್ದಾಳೆ. ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. ಬಾಗಿಲಲ್ಲಿ ನನ್ನನ್ನು ನೋಡಿ ಹುಬ್ಬು ಕೂಡ ಎತ್ತಲಿಲ್ಲ.

"ಯಾರು ಸತ್ರು?" ಎಂದಳು.

"ಯಾರೂ ಇಲ್ಲ ಅಕ್ಕ."

"ಮತ್ತೆ ನೀನ್ಯಾಕೆ ಬಂದೆ? ನೀನು ಹೆಣ ಬಿದ್ದ ಕಡೆ ಮಾತ್ರ ಹೋಗೋನಲ್ವ."

ಗೋಡೆಯ ವಿಷಯ ಹೇಳಿದೆ. ಹಬ್ಬದ ದಿನ, ಊರವರೆಲ್ಲ ಗೋರಿಗಳಿಗೆ ಊಟ ಒಯ್ಯುವಾಗ, ಬಂದು ಒಂದು ಮಾತು ಹೇಳಿದರೆ ಸಾಕು ಎಂದೆ. ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ.

"ಆ ಚಿತ್ರಾನ ನಾನು ನೋಡೇ ಇಲ್ಲ ಕಣಯ್ಯಾ. ಅವತ್ತು ನೀನು ಬರೆಯೋಕೆ ಮೊದ್ಲೇ ಎದ್ದು ಬಂದ್ಬಿಟ್ಟೆ."

"ಈಗ ನೋಡ್ಬಹುದಲ್ಲ."

"ಬರ್ತೀನಿ. ನಿನಗೋಸ್ಕರ ಅಲ್ಲ. ಸಾಯೋದ್ರೊಳಗೆ ಅವಳ ಮುಖ ಇನ್ನೊಂದ್ಸಲ ನೋಡ್ಬೇಕು."

ಗೆದ್ದೆ ಎಂದುಕೊಂಡು ಮನೆಗೆ ಬಂದೆ. ದಾರಿಯಲ್ಲಿ ಉಪ್ಪು ಮೀನು ಕೊಂಡೆ.

ಮಾರ್ಚ್ ಹುಟ್ಟಲು ಎಂಟು ದಿನ, ಶನಿವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ದೋಮ್ನಿನಳನ್ನು ಕೈ ಹಿಡಿದು ಮೆಟ್ಟಿಲಿಳಿಸಿದ್ದು ಉರ್ಸುಸ್. ಹಿಂದೆ ಪ್ರೊಯೆಕ್ಟುಸ್, ಅವನ ಹಿಂದೆ ನಾನು. ಓಣಿಗಳ ತುಂಬ ಜನ. ರೊಟ್ಟಿ, ಮೊಟ್ಟೆ, ದ್ರಾಕ್ಷಾರಸದ ವಾಸನೆ. ನಮ್ಮ ಕಮಾನಿನ ಹತ್ತಿರ ಬಂದಾಗ ನಾನೇ ದೀಪ ಎತ್ತಿ ಹಿಡಿದೆ.

ದೋಮ್ನಿನ ಬಹಳ ಹೊತ್ತು ನೋಡಿದಳು. ಹತ್ತಿರ ಹೋಗಿ ನೋಡಿದಳು. ಆಮೇಲೆ ದೀಪವನ್ನು ನನ್ನ ಕೈಯಿಂದ ಕಿತ್ತುಕೊಂಡು, ಚಿತ್ರದ ಮೇಲಿನಿಂದ ಕೆಳಗಿನವರೆಗೆ ಆಡಿಸಿದಳು.

"ಇದು ಯಾರು?" ಎಂದಳು.

"ಅಕ್ಕ, ತಮಾಷೆ ಮಾಡ್ಬೇಡ."

"ನಾನ್ಯಾಕೆ ತಮಾಷೆ ಮಾಡ್ಲಿ? ಈ ದೊಡ್ಡ ಕಣ್ಣಿನೋಳು ಯಾರು ಅಂತ ಕೇಳ್ದೆ. ಆ ತಿರುವಲ್ಲಿ ಬರ್ತಾ ಇವಳನ್ನೇ ಇನ್ನೂ ಎರಡು ಕಡೆ ನೋಡ್ದೆ."

ಪ್ರೊಯೆಕ್ಟುಸ್ ಮೆಲ್ಲಗೆ, "ಅಮ್ಮಾ, ಇವರು ನಿಮ್ಮ ತಂಗಿ ಹೌದೋ ಅಲ್ವೋ?" ಎಂದ.

"ಅಲ್ಲ ಸ್ವಾಮಿ. ಮುಖ ಬಿಡಿ, ಮುಖ ಇವನಿಗೆ ಬರ್ದೇ ಇರ್ಬಹುದು. ಕೈ ನೋಡಿ. ನಮ್ ಜೋಸಿಮೆಗೆ ಎಡಗೈ ಎತ್ತಕ್ಕೇ ಆಗ್ತಿರ್ಲಿಲ್ಲ. ಎದೆಮಟ್ಟಕ್ಕಿಂತ ಮೇಲೆ ಹೋಗ್ತಿರ್ಲಿಲ್ಲ. ಮೊಣಕೈ ಹೊಟ್ಟೆಗೆ ಒತ್ಕೊಂಡೇ ಓಡಾಡ್ತಿದ್ಲು, ಹನ್ನೆರಡು ವರ್ಷ. ತಲೆ ಬಾಚ್ಕೊಡೋಕೆ ನಾನು ಬರ್ತಿದ್ದೆ. ಇವನು ಅದೇ ಮನೇಲಿ ಇದ್ದ."

ಪಕ್ಕದ ಗೋರಿಗೆ ಬಂದವರು ತಿನ್ನುವುದನ್ನು ನಿಲ್ಲಿಸಿದ್ದರು.

ಆಗ ಪ್ರೊಯೆಕ್ಟುಸ್ ನನಗೆ ದಾರಿ ತೋರಿಸಿದ. ದಯೆಯಿಂದಲೇ ತೋರಿಸಿದ. "ಹಾಗಾದ್ರೆ ಸ್ವರ್ಗದಲ್ಲಿ ಕೈ ವಾಸಿಯಾಗಿದೆ ಅಂತ ಬರೆದ್ರಾ ತಾತ? ಇಲ್ಲಿ ಆಗದ್ದು ಅಲ್ಲಿ ಆಯ್ತು ಅಂತ?"

ಹೌದು ಎಂದಿದ್ದರೆ ಗೋಡೆ ಉಳಿಯುತ್ತಿತ್ತೇನೋ. ಬಾಯಿ ತೆರೆದೆ. ದೋಮ್ನಿನ ನನ್ನನ್ನೇ ನೋಡುತ್ತಿದ್ದಳು. ಹೌದು ಎನ್ನಲು ಆಗಲಿಲ್ಲ. ನಾನು ಹಾಗೆ ಯೋಚಿಸಿ ಬರೆದವನಲ್ಲ. ಅವಳ ಕೈ ನೋಯುತ್ತಿತ್ತು ಎನ್ನುವುದನ್ನೇ ಮರೆತು ಬರೆದೆ.

"ಇಲ್ಲ" ಎಂದೆ. ಪ್ರೊಯೆಕ್ಟುಸ್ ತಲೆಯಾಡಿಸಿ, ಉರ್ಸುಸನಿಗೆ ಏನೋ ಹೇಳಿ ಹೋದ.

ಮಾರ್ಚ್ ಹುಟ್ಟಲು ಏಳು ದಿನ, ಭಾನುವಾರ

ಹಾಳು ಮುದುಕಿ. ಒಂದು ಸುಳ್ಳು ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಮಾರ್ಚ್ ಹತ್ತು, ಮಂಗಳವಾರ

ಎರಡು ವಾರ ಏನೂ ಬರೆಯಲಿಲ್ಲ. ಇವತ್ತು ಹಾಳೆ ಹುಡುಕುವಾಗ ಸಿಕ್ಕಿದ್ದು ಮುಖದ ಮಾದರಿ. ಇದರ ಆ ಬದಿಯಲ್ಲಿ ಇದೆ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದ ತೂತುಗಳು. ಹಸಿ ಗಾರೆಯ ಮೇಲೆ ಹಾಳೆಯಿಟ್ಟು ಇದ್ದಿಲಿನ ಪುಡಿಯ ಗಂಟು ತಟ್ಟಿದರೆ ಮುಖ ಮೂಡುತ್ತದೆ. ದೊಡ್ಡ ಕಣ್ಣು, ನೇರ ಮೂಗು, ಚಿಕ್ಕ ಬಾಯಿ. ಎಂಬತ್ತು ಗೋರಿಗಳಿಗೆ ತಟ್ಟಿದ್ದೇನೆ. ಸೆನೆಟರನ ಮಗಳಿಗೂ ಅದೇ, ಮೀನು ಮಾರುವವಳಿಗೂ ಅದೇ. ಯಾರೂ ದೂರಲಿಲ್ಲ. ಅತ್ತರು, ಹಣ ಕೊಟ್ಟರು, ಹೋದರು.

ಜೋಸಿಮೆ ಸತ್ತ ದಿನವೂ ಇದನ್ನೇ ತಟ್ಟಿದೆ. ಗಾರೆ ಒಣಗುತ್ತಿತ್ತು, ಹೊತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಹೊತ್ತಿತ್ತು. ಅವಳ ಮುಖ ನೆನಪಿಗೆ ತಂದುಕೊಳ್ಳಲು ಕುಳಿತೆ, ಬರಲಿಲ್ಲ. ಈ ಮುಖ ಬಂತು.

ಕೈಯ ಸಂಗತಿ ಬರೆದುಬಿಡುತ್ತೇನೆ. ಸುಣ್ಣದ ಬುಟ್ಟಿ ಹೊರಲು ಆಳು ಇಟ್ಟುಕೊಳ್ಳುವುದು ದಂಡ ಎನ್ನುತ್ತಿದ್ದೆ. ಅವಳೇ ಹೊರುತ್ತಿದ್ದಳು, ದಿನಕ್ಕೆ ಐದಾರು ಸಲ, ಆ ಕಡಿದಾದ ಮೆಟ್ಟಿಲಲ್ಲಿ. ಒಮ್ಮೆ ಜಾರಿದಳು. ಮೇಲಿನಿಂದ ಕೆಳಗಿನವರೆಗೆ ಉರುಳಿದಳು. ನಾನು ಒಳಗೆ ದಾನಿಯೇಲನ ಸಿಂಹಗಳಿಗೆ ಬಣ್ಣ ತುಂಬುತ್ತಿದ್ದೆ. ಸದ್ದು ಕೇಳಿತು. ನಾನು ಕೂಗಿ ಕೇಳಿದ್ದು, "ಸುಣ್ಣ ಚೆಲ್ತಾ?" ಎಂದು.

"ಸ್ವಲ್ಪ" ಎಂದಳು.

ಭುಜ ಸರಿಯಾಗಿ ಕೂರಲೇ ಇಲ್ಲ. ಆಮೇಲೆ ಬಲಗೈಯೊಂದರಲ್ಲೇ ಹೊತ್ತಳು, ಹನ್ನೆರಡು ವರ್ಷ. ಸಭೆಯಲ್ಲಿ ಎಲ್ಲರೂ ಎರಡೂ ಕೈ ಎತ್ತಿ ಪ್ರಾರ್ಥಿಸುವಾಗ ಇವಳದು ಒಂದೇ ಕೈ ಎಂದು ಯಾರೋ ಹಿರಿಯ ಹೆಂಗಸು ಗದರಿದ್ದಳು. ಅಂದಿನಿಂದ ಕಂಬದ ಹಿಂದೆ ನಿಲ್ಲುತ್ತಿದ್ದಳು. ಮುಂದೆ ಬಂದು ನಿಲ್ಲೆಂದು ನಾನು ಬಯ್ದದ್ದು ನೆನಪಿದೆ.

ಮಣ್ಣಿನ ದಿನ ದೋಮ್ನಿನ ಅಂದದ್ದು ಇಷ್ಟೇ: "ಅವಳು ಸತ್ತಿದ್ದು ಜ್ವರಕ್ಕಲ್ಲ ಕಣೋ, ನೀನು ಹೊರಿಸಿ ಹೊರಿಸಿ ಸವೆಸಿದೆ."

ಎಣ್ಣೆ ಮುಗಿಯುತ್ತಾ ಬಂದಿದೆ.

ಮಾರ್ಚ್ ಹದಿನೇಳು, ಮಂಗಳವಾರ

ಧಾನ್ಯದ ಮುದುಕ ನಿನ್ನೆ ಸತ್ತ. ಇವತ್ತು ಕೊಚ್ಚಿದರು. ನಾನು ಹೋಗಲಿಲ್ಲ.

ಮಾರ್ಚ್ ಇಪ್ಪತ್ತು, ಶುಕ್ರವಾರ

ಹೋಗಿ ನೋಡಿದೆ. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ.

ತೂತಿನ ಬಾಯಿಗೆ ಹೆಂಚು ಇಟ್ಟು ಸುಣ್ಣ ಮೆತ್ತಿದ್ದಾರೆ. ಮುದುಕನ ಮಗ ಹಸಿ ಸುಣ್ಣಕ್ಕೆ ಗುರುತಿಗೆಂದು ಒಂದು ಗಾಜಿನ ಬಟ್ಟಲಿನ ತಳ ಒತ್ತಿದ್ದಾನೆ. ನವಿಲು ಹೋಯಿತು. ಯೋನನ ಕಾಲೆರಡು ಉಳಿದಿವೆ. ಜೋಸಿಮೆಯ, ಅಲ್ಲ, ಆ ದೊಡ್ಡ ಕಣ್ಣಿನವಳ ಎಡಗೈ ಭುಜದಿಂದಾಚೆಗೆ ಇಲ್ಲ. ಗುದ್ದಲಿಯ ಪೆಟ್ಟಿಗೆ ಸೊಂಟದವರೆಗೆ ಗಾರೆಯೂ ಉದುರಿದೆ.

ನಾನು ದೀಪ ಹಿಡಿದು ನಿಂತೇ ಇದ್ದೆ. ಕೈ ಹೋದ ಮೇಲೆ ಆ ಹೆಂಗಸನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಬೈಗುಳ ಬಾಯಿಗೆ ಬರಲಿಲ್ಲ.

"ಮೇಸ್ತ್ರಿ, ಬೇಜಾರಾ?" ಎಂದ ಉರ್ಸುಸ್. "ಹುಷಾರಾಗೇ ಹೊಡ್ದೆ. ಅಂಚಿಗೆ ಗಾರೆ ಹಾಕ್ಬೇಕು, ಕೈಯೊಂದು ಬರ್ದು ಮುಗಿಸ್ಬೇಕು ಅಂತ ಅಯ್ನೋರು ಹೇಳವ್ರೆ. ಬೇರೆಯೋನ್ನ ಕರೀಲಾ, ನೀವೇ ಮಾಡ್ತೀರಾ?"

"ನಾನೇ ಮಾಡ್ತೀನಿ" ಎಂದೆ.

ಮಾರ್ಚ್ ಇಪ್ಪತ್ತನಾಲ್ಕು, ಮಂಗಳವಾರ

ಸುಣ್ಣದ ಬುಟ್ಟಿ ನಾನೇ ಹೊತ್ತೆ. ಮೂರು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು.

ದೋಮ್ನಿನಳನ್ನು ಕರೆದಿದ್ದೆ. ಬರುತ್ತಾಳೆಂದು ನಂಬಿರಲಿಲ್ಲ. ಬಂದಳು. ಏನು ಮಾಡಬೇಕೆಂದು ಕೇಳಿದಳು. ಜೋಸಿಮೆ ಕೈ ಹೇಗೆ ಹಿಡಿಯುತ್ತಿದ್ದಳೋ ಹಾಗೆ ಹಿಡಿದು ನಿಲ್ಲು ಎಂದೆ.

ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಮುಂಗೈಯನ್ನು ಹೊಟ್ಟೆಯ ಮೇಲೆ ಅಡ್ಡ ಇಟ್ಟು, ಭುಜ ತುಸು ಮುಂದಕ್ಕೆ ಮಾಡಿ ನಿಂತಳು. "ಬೆರಳು ಹೀಗೆ ಮುಚ್ಕೊಂಡಿರ್ತಿದ್ಲು" ಎಂದಳು. ನನಗೆ ಅದು ನೆನಪಾಯಿತು. ಬೆರಳು ಮುಚ್ಚಿ, ಹೆಬ್ಬೆಟ್ಟು ಒಳಗೆ.

ಗಾರೆ ಹಸಿಯಿರುವಾಗಲೇ ಬರೆದೆ. ಮಾದರಿ ಹಾಳೆ ಒಯ್ದಿರಲಿಲ್ಲ. ಒಂದು ತೋಳು ಬರೆಯಲು ಇಷ್ಟು ಹೊತ್ತು ಯಾವತ್ತೂ ಹಿಡಿದಿರಲಿಲ್ಲ.

ಮುಖ ಅಳಿಸಿ ಬರೆಯೋಣವೇ ಎಂದು ದೋಮ್ನಿನಳನ್ನು ಕೇಳಿದೆ. ಇಬ್ಬರೂ ಕುಳಿತು ನೆನಪು ಮಾಡಿಕೊಂಡೆವು. ಮೂಗು ಮೊಂಡು ಎಂದಳು ಅವಳು. ಇಲ್ಲ, ತುದಿ ಸ್ವಲ್ಪ ಬಾಗಿತ್ತು ಎಂದೆ ನಾನು. ಅದು ನಮ್ಮಮ್ಮನ ಮೂಗು ಎಂದಳು. ಜಗಳವಾಯಿತು. ಕೊನೆಗೆ ಅವಳೇ, "ನಂಗೂ ಸರಿಯಾಗ್ ಬರ್ತಿಲ್ಲ ಕಣಯ್ಯಾ" ಎಂದು ಸೆರಗಿಗೆ ಕಣ್ಣೊರೆಸಿಕೊಂಡಳು. ಮುಖ ಹಾಗೇ ಬಿಟ್ಟೆವು.

ಹೊರಡುವಾಗ ಪ್ರೊಯೆಕ್ಟುಸ್ ಬಂದ. "ಇದೇನು ತಾತ, ಕೈ ಕೆಳಗಿದೆ? ಇದರ ಅರ್ಥ?"

"ಅರ್ಥ ಏನಿಲ್ಲ ಸ್ವಾಮಿ. ನೋಯ್ತಿತ್ತು."

ಏಪ್ರಿಲ್ ಹನ್ನೊಂದು, ಶನಿವಾರ

ಜೋಸಿಮೆ ತೀರಿಕೊಂಡ ದಿನ. ದೋಮ್ನಿನ ಮೊಟ್ಟೆ ಬೇಯಿಸಿ ತಂದಿದ್ದಳು, ನಾನು ರೊಟ್ಟಿ ಮತ್ತು ಆಲಿವ್.

ನಾವು ಹೋದಾಗ ಕಮಾನಿನ ಮುಂದೆ ಹತ್ತಿಪ್ಪತ್ತು ಜನ. ಹುತಾತ್ಮರ ದರ್ಶನಕ್ಕೆ ಎಲ್ಲೆಲ್ಲಿಂದಲೋ ಬಂದವರು. ಪ್ರೊಯೆಕ್ಟುಸ್ ದೀಪ ಎತ್ತಿ ಹೇಳುತ್ತಿದ್ದ:

"ನೋಡಿ, ಇಂಥದ್ದು ರೋಮಿನಲ್ಲಿ ಇನ್ನೆಲ್ಲೂ ಇಲ್ಲ. ಒಂದು ಕೈ ಮೇಲೆ, ಅದು ದೇವರ ಕಡೆಗೆ. ಇನ್ನೊಂದು ಕೈ ಎದೆಗೆ ಹತ್ತಿರ, ಅದು ಪಶ್ಚಾತ್ತಾಪ. ಮುಷ್ಟಿ ಮುಚ್ಚಿದೆ, ಯಾಕೆ? ನಂಬಿಕೆಯನ್ನ ಬಿಗಿಯಾಗಿ ಹಿಡ್ಕೊಂಡಿದಾಳೆ ಆತ್ಮ."

ಒಬ್ಬ ಹೆಂಗಸು ಅಳುತ್ತ ತನ್ನ ಕೈಯನ್ನೂ ಹಾಗೆ ಹಿಡಿದು ನೋಡಿದಳು. ಅವಳ ಕೈ ಗಟ್ಟಿಮುಟ್ಟಾಗಿತ್ತು.

ದೋಮ್ನಿನ ನನ್ನ ಕಿವಿಯಲ್ಲಿ, "ನೋವಿನ ಕೈ ಅಂತ ಹೇಳ್ಲಿಲ್ವಾ ನೀನು?" ಎಂದಳು.

"ಹೇಳಿದ್ದೆ."

"ಮತ್ತೆ?"

"ನೋವು ಅಂದ್ರೆ ಪಶ್ಚಾತ್ತಾಪ ಅಂತ ಮಾಡ್ಕೊಂಡ."

ಜನ ಹೋದ ಮೇಲೆ ಉರ್ಸುಸ್ ಬಂದು ಹಲ್ಲು ಕಿರಿದ. "ಮೇಸ್ತ್ರಿ, ನಿಮ್ ಕೈ ಗಿರಾಕಿ ಹಿಡೀತು. ಮೂರು ಮನೆಯೋರು ಕೇಳವ್ರೆ, ನಮ್ಮ ಅಮ್ಮಂಗೂ ಒಂದು ಮೇಲೆ ಒಂದು ಕೆಳಗೆ ಇರ್ಲಿ ಅಂತ."

"ಬರೆಯಲ್ಲ" ಎಂದೆ.

"ನೀವು ಬರೀದಿದ್ರೆ ಬಿಡಿ. ನದಿಯಾಚೆ ಚಿತ್ರದೋನು ಮೊನ್ನೇನೇ ಬಂದು ಹಾಳೇಲಿ ಇಳಿಸ್ಕೊಂಡು ಹೋದ. ಸೂಜೀಲಿ ಚುಚ್ಚಿ ಇಟ್ಕೊಂಡವ್ನೆ."

ನನಗೆ ನಗು ಬಂತು, ಕಹಿ ನಗು. ಇನ್ನು ಎಂಬತ್ತು ಗೋರಿಗಳಲ್ಲಿ ಎಂಬತ್ತು ಹೆಂಗಸರು ಜೋಸಿಮೆಯ ಮುರಿದ ಭುಜ ಹೊತ್ತು ಸ್ವರ್ಗದಲ್ಲಿ ನಿಲ್ಲುತ್ತಾರೆ. ಆ ಸದ್ದು ಕೇಳಿದಾಗ ನಾನು ಬಣ್ಣದ ಕುಂಚ ಕೆಳಗಿಟ್ಟು ಓಡಿದ್ದಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ.

ಊಟ ಮುಗಿಸಿ, ಮೊಟ್ಟೆಯ ಸಿಪ್ಪೆ ಒಟ್ಟುಮಾಡಿ, ಚೀಲದಿಂದ ಮೊಳೆ ತೆಗೆದೆ. ಬಣ್ಣದಲ್ಲಿ ಬರೆದರೆ ಒಣಗಿದ ಗಾರೆಯ ಮೇಲೆ ನಿಲ್ಲುವುದಿಲ್ಲ, ಗೀರಬೇಕು. ಮುಚ್ಚಿದ ಬೆರಳುಗಳ ಕೆಳಗೆ, ಬಗ್ಗಿ ನೋಡಿದರೆ ಮಾತ್ರ ಕಾಣುವಂತೆ, ಚಿಕ್ಕದಾಗಿ ಗೀರಿದೆ.

"ಏನ್ ಬರ್ದೆ, ಓದು" ಎಂದಳು ದೋಮ್ನಿನ. ಅವಳಿಗೆ ಅಕ್ಷರ ಬಾರದು.

"ಜೋಸಿಮೆ. ಸುಣ್ಣ ಹೊತ್ತವಳು."

"ಯಾರಿಗೆ ಹೊತ್ಲು ಅಂತ ಬರೀಲಿಲ್ವಾ?" ಎಂದಳು.

ದೀಪ ಹತ್ತಿರ ಹಿಡಿ ಎಂದೆ. ಹಿಡಿದಳು. ಅದರ ಕೆಳಗೆ ನನ್ನ ಹೆಸರನ್ನೂ ಗೀರಿದೆ.